ಫ್ರಿಜ್ಜಿನಲ್ಲಿಟ್ಟ ತಿಳಿಸಾರು

ಹೋದ ಶುಕ್ರವಾರ ಬೆಳಿಗ್ಗೆ ಫ್ರಿಜ್ಜಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದೆ. ಮುಚ್ಚಳ ತೆರೆದೆ. ತೆರೆದವನು ಅಲ್ಲೇ ನಿಂತುಬಿಟ್ಟೆ.

ಒಳಗಿದ್ದದ್ದು ತಿಳಿಸಾರು, ಅಷ್ಟೇ. ಹಿಂದಿನ ಸಂಜೆ ಅಕ್ಕ ಕೊಟ್ಟು ಕಳಿಸಿದ್ದು. ಒಂದು ಡಬ್ಬಿ ಸಾರು ನೋಡಿ ಬೆಳೆದ ಗಂಡಸು ಬೆವರುವುದುಂಟೇ? ನಾನು ಬೆವರಿದೆ. ಯಾಕೆ ಅಂತ ತಿಳಿಯಬೇಕಾದರೆ ನೀವು ಸ್ವಲ್ಪ ಹಿಂದಕ್ಕೆ ಬರಬೇಕು.

ಅಕ್ಕನ ವಿಷಯ ಈ ಅಂಕಣದಲ್ಲಿ ಆಗೀಗ ಬಂದಿದೆ. ಹೊಸಬರಿಗೆ ಹೇಳುತ್ತೇನೆ. ನನಗಿಂತ ಎಂಟು ವರ್ಷ ದೊಡ್ಡವಳು. ಉಡುಪಿ ಕಡೆಯಿಂದ ಮದುವೆಯಾಗಿ ಚೆನ್ನೈಗೆ ಬಂದಳು. ನುಂಗಂಬಾಕ್ಕಂನ ಹಳೆಯ ಬೀದಿಯೊಂದರಲ್ಲಿ ಭಾವನ ಸಸ್ಯಾಹಾರಿ ಹೋಟೆಲು, ಅದರ ಮಹಡಿಯ ಮೇಲೆ ಮನೆ. ಪಿಯುಸಿ ಮುಗಿಸಿ ಊರಲ್ಲಿ ಅಡ್ಡಾಡುತ್ತಿದ್ದ ನನ್ನನ್ನು ಕರೆಸಿಕೊಂಡು, ಕಾಲೇಜಿಗೆ ಸೇರಿಸಿ, ಕೆಲಸ ಸಿಗುವವರೆಗೆ ಅನ್ನ ಹಾಕಿದವಳು ಅವಳು. ಇವತ್ತು ನಾನು ವೇಲಚೇರಿಯಲ್ಲಿ ಫ್ಲ್ಯಾಟು, ಹೆಂಡತಿ, ಮಗಳು ಅಂತ ಇರುವುದಕ್ಕೆ ಅವಳೇ ಕಾರಣ.

ಈ ವರ್ಷ ಅವಳ ಲಿವರ್ ಕೈಕೊಟ್ಟಿತು. ಕಾಫಿ ಬಿಟ್ಟು ಬೇರೇನೂ ಕುಡಿಯದ ಹೆಂಗಸಿಗೆ ಲಿವರ್ ಕಾಯಿಲೆ ಹೇಗೆ ಬಂತು ಅಂತ ಕೇಳದವರೇ ಇಲ್ಲ. (ಬರುತ್ತದೆ. ಕುಡಿಯದವರಿಗೂ ಬರುತ್ತದೆ. ದಯವಿಟ್ಟು ರೋಗಿಯ ಎದುರು ಈ ಪ್ರಶ್ನೆ ಕೇಳಬೇಡಿ.) ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ಕೀಲ್ಪಾಕ್‌ನಲ್ಲಿ ಅವಳನ್ನು ನೋಡುವ ಡಾಕ್ಟರು ಸುತ್ತಿಬಳಸದೆ ಹೇಳಿದರು: ಬೇರೆ ಲಿವರ್ ಹಾಕಬೇಕು. ಸತ್ತವರ ಲಿವರಿಗೆ ಕಾಯಬಹುದು, ಎಷ್ಟು ದಿನ ಅಂತ ಯಾರೂ ಹೇಳಲಾರರು. ಅಥವಾ ಹತ್ತಿರದ ಸಂಬಂಧಿ ಯಾರಾದರೂ ತಮ್ಮದರಲ್ಲಿ ಒಂದು ಪಾಲು ಕೊಡಬಹುದು.

ಭಾವನಿಗೆ ಸಕ್ಕರೆ ಕಾಯಿಲೆ. ಅವರ ಒಬ್ಬಳೇ ಮಗಳು ಬಸುರಿ. ಉಳಿದವನು ನಾನು. ರಕ್ತದ ಗುಂಪು ಹೊಂದಿತು, ಉಳಿದ ಪರೀಕ್ಷೆಗಳೂ ಹೊಂದಿದವು. ಕೊನೆಗೆ ಸ್ಕ್ಯಾನ್ ಮಾಡಿದರೆ ನನ್ನ ಲಿವರಿನಲ್ಲೇ ಕೊಬ್ಬು! ವರ್ಷಾನುಗಟ್ಟಲೆ ಹೋಟೆಲಿನ ತುಪ್ಪದ ದೋಸೆ ತಿಂದ ಫಲ. ಹೀಗಿದ್ದರೆ ತೆಗೆದುಕೊಳ್ಳುವುದಿಲ್ಲ, ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಅಂದರು ಡಾಕ್ಟರು.

ಹೀಗೆ ಶುರುವಾಯಿತು ನನ್ನ ಉಪವಾಸ. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ದಿನವಿಡೀ ಆರುನೂರು ಕ್ಯಾಲರಿ. ಉಳಿದ ದಿನ ಹಿತಮಿತ. ಆಸ್ಪತ್ರೆಯ ಡಯೆಟಿಷಿಯನ್ ಮೇಡಂ ನನ್ನ ರಕ್ತ ನೋಡಿ, ತೂಕ ನೋಡಿ ಹಾಕಿಕೊಟ್ಟ ಲೆಕ್ಕ ಇದು. ಇದನ್ನು ಓದಿ ನೀವೂ ಸೋಮವಾರದಿಂದಲೇ ಶುರುಮಾಡಬೇಡಿ. ನಿಮ್ಮ ಡಾಕ್ಟರನ್ನು ಕೇಳಿ. ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುವವರಂತೂ ಕೇಳದೆ ಕೈಹಾಕಲೇಬೇಡಿ.

ಆರುನೂರು ಕ್ಯಾಲರಿಯಲ್ಲಿ ಒಂದು ದಿನ ದಾಟುವುದು ಹೇಗೆ? ಬೆಳಿಗ್ಗೆಯೇ ತಿಂದು ಮುಗಿಸಿದರೆ ಸಂಜೆ ಹೊತ್ತಿಗೆ ನೀವು ಮನುಷ್ಯರಾಗಿ ಉಳಿಯುವುದಿಲ್ಲ. ನಾನು ಬೆಳಿಗ್ಗೆ ಸಕ್ಕರೆ ಇಲ್ಲದ ಕಪ್ಪು ಕಾಫಿ ಕುಡಿದು ಮಧ್ಯಾಹ್ನದವರೆಗೆ ತಳ್ಳುತ್ತೇನೆ. ಮಧ್ಯಾಹ್ನ ಸೌತೆಕಾಯಿ, ಒಂದು ಹಿಡಿ ಹೆಸರುಬೇಳೆಯ ಕೋಸಂಬರಿ, ಬೆಣ್ಣೆ ತೆಗೆದ ನೀರುಮಜ್ಜಿಗೆ. ದೊಡ್ಡ ಪಾಲು ಸಂಜೆಗೆ, ಯಾಕೆಂದರೆ ಖಾಲಿ ಹೊಟ್ಟೆಯಲ್ಲಿ ನಿದ್ದೆ ಬರುವುದಿಲ್ಲ. ಸೋರೆಕಾಯಿ, ಮೂಲಂಗಿ, ಸೊಪ್ಪು ತಟ್ಟೆ ತುಂಬ ಕಾಣುತ್ತವೆ, ಲೆಕ್ಕಕ್ಕೆ ಸಿಗುವುದು ಕಡಿಮೆ. ತಟ್ಟೆ ಚಿಕ್ಕದಿರಲಿ. ಹಸಿವು ಮೇಲೆದ್ದಾಗ ಬಿಸಿ ಜೀರಿಗೆ ನೀರು ಕುಡಿದು ಯಾರಿಗಾದರೂ ಫೋನ್ ಮಾಡಿ. (ಚೆನ್ನಾಗಿ ಅಡುಗೆ ಮಾಡುವವರಿಗೆ ಬೇಡ.) ಉಪವಾಸದ ದಿನ ಹೆಂಡತಿಯ ಜೊತೆ ಯಾವ ಮುಖ್ಯ ವಿಷಯವನ್ನೂ ಚರ್ಚಿಸಬೇಡಿ. ಬೇಗ ಹಲ್ಲುಜ್ಜಿಬಿಡಿ. ಹಲ್ಲುಜ್ಜಿದ ಬಾಯಿಗೆ ಮತ್ತೆ ಏನಾದರೂ ಹಾಕಲು ನಾಚಿಕೆಯಾಗುತ್ತದೆ.

ಇನ್ನೊಂದು ಉಪಾಯ ಎಲ್ಲರೂ ಹೇಳುತ್ತಾರೆ: ನಿಮ್ಮ ಉಪವಾಸದ ದಿನ ಯಾವುದು ಅಂತ ಹತ್ತಿರದವರಿಗೆ ಮೊದಲೇ ತಿಳಿಸಿಬಿಡಿ, ಅವರು ಸಹಕರಿಸುತ್ತಾರೆ. ನಾನೂ ತಿಳಿಸಿದೆ. ಸೋಮವಾರ, ಗುರುವಾರ ಅಂತ ಅಕ್ಕನಿಗೆ ಹೇಳಿದವನು ನಾನೇ.

ನನ್ನ ಆಫೀಸು ನುಂಗಂಬಾಕ್ಕಂನಲ್ಲೇ. ಸಂಜೆ ಅಕ್ಕನನ್ನು ನೋಡಿಕೊಂಡು ಬಸ್ ಹತ್ತುವುದು ರೂಢಿ. ಅವರ ಮನೆಗೊಂದು ಕಟ್ಟಳೆ ಇದೆ. ಮನೆಯವರು ಯಾರೇ ಬರಲಿ, ಬರಿಹೊಟ್ಟೆಯಲ್ಲಿ ಮೆಟ್ಟಿಲಿಳಿಯುವಂತಿಲ್ಲ. ತಿನ್ನದೆ ಹೊರಟರೆ ಕೈಗೆ ಡಬ್ಬಿ ಬರುತ್ತದೆ. ಆ ಡಬ್ಬಿಯೂ ಖಾಲಿ ಓಡಾಡುವ ಹಾಗಿಲ್ಲ. ನಾನು ಹಿಂದಿರುಗಿಸುವಾಗ ಒಂದು ಚಮಚ ಸಕ್ಕರೆಯೋ ಎರಡು ದ್ರಾಕ್ಷಿಯೋ ಹಾಕಿಯೇ ಕೊಡಬೇಕು.

ಮೊದಲ ಗುರುವಾರವೇ ಡಬ್ಬಿ ಬಂತು. ನಾನು ಕೈ ಹಿಂದಕ್ಕೆಳೆದುಕೊಂಡೆ. ಅಕ್ಕ ನಕ್ಕು, ಹೆದರಬೇಡ, ಏಕಾದಶಿಯ ಫಲಾಹಾರವೇ, ಅನ್ನದ ಅಗುಳು ಕೂಡ ಇಲ್ಲ ಅಂದಳು. ತೆಗೆದು ನೋಡಿದರೆ ನಿಜ. ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿ. ಡಬ್ಬಿಯ ಇನ್ನೊಂದು ಖಾನೆಯಲ್ಲಿ ಬಾಳೆಹಣ್ಣಿನ ರಸಾಯನ, ಗಟ್ಟಿ ತೆಂಗಿನಹಾಲಿನದ್ದು. ನಮ್ಮಲ್ಲಿ ಇದನ್ನು ತಿಂದವನನ್ನು ಉಂಡವನು ಅನ್ನುವುದಿಲ್ಲ. ಉಪವಾಸ ಇದ್ದಾನೆ ಅನ್ನುತ್ತೇವೆ! ನಮ್ಮ ಅಜ್ಜಿ ಹೀಗೆ ಉಪವಾಸ ಇದ್ದು ಇದ್ದೇ ದಪ್ಪಗಾದವರು. ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ವಾರವಾರವೂ ಭಕ್ತಿಯಿಂದ ತಿಂದೆ.

ಒಂದು ಸಂಜೆ ಮಗಳು ಡಬ್ಬಿಗೆ ಇಣುಕಿದಳು. ಅವಳು ಓದಿದ್ದೆಲ್ಲ ಚೆನ್ನೈಯಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳಿನಲ್ಲಿ.

“ಅವಲ್ ಅರಿಸಿ ದಾನೇ ಅಪ್ಪಾ?”

ಅವಲಕ್ಕಿಯೂ ಅಕ್ಕಿಯೇ ಅಲ್ಲವೇ ಅಂತ. ನಾನು ಅವಳಿಗೆ ಫಲಾಹಾರದ ಶಾಸ್ತ್ರ ವಿವರಿಸಿದೆ. ಅವಳು ಅರ್ಧಕ್ಕೇ ಎದ್ದುಹೋದಳು.

ಕೆಲವು ವಾರ ಬಿಟ್ಟು ಮತ್ತೆ ಆಸ್ಪತ್ರೆಗೆ ಹೋದೆ. ತೂಕ ಇಳಿದಿರಲಿಲ್ಲ. ಲಿವರಿನ ಕೊಬ್ಬೂ ಕದಲಿರಲಿಲ್ಲ. ಡಯೆಟಿಷಿಯನ್ ಮೇಡಂ ಉಪವಾಸದ ದಿನ ಏನು ತಿನ್ನುತ್ತೀರಿ ಅಂತ ಒಂದೊಂದಾಗಿ ಕೇಳಿದರು. ನಾನು ಹೆಮ್ಮೆಯಿಂದ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ನಿಮ್ಮ ಆ ಒಂದು ಡಬ್ಬಿಯೇ ಇಡೀ ದಿನದ ಲೆಕ್ಕ ದಾಟುತ್ತದೆ ಸಾರ್, ಅಕ್ಕನವರಿಗೆ ಹೆಚ್ಚು ಸಮಯವಿಲ್ಲ, ಗೊತ್ತಲ್ಲ ಅಂದರು.

ಗೊತ್ತಿತ್ತು. ಅದೇ ವಾರ ಅವಳ ಹೊಟ್ಟೆಯಿಂದ ಮತ್ತೊಮ್ಮೆ ನೀರು ತೆಗೆದಿದ್ದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತು ನನ್ನ ಹೊಟ್ಟೆಯನ್ನೇ ನೋಡಿಕೊಂಡೆ. ಅದರ ಮೇಲೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಅವತ್ತೇ ಅಕ್ಕನಿಗೆ ಹೇಳಿದೆ. ಇನ್ನು ಫಲಾಹಾರ ಬಂದ್. ಅವಳು ವಾದಿಸದೆ ಒಪ್ಪಿದಳು. ಬರಿಹೊಟ್ಟೆಯಲ್ಲಿ ಹೋಗುವುದು ಬೇಡ, ತಿಳಿಸಾರು ಕೊಡುತ್ತೇನೆ, ನೀರಿಗೆ ಎಂಥ ಕ್ಯಾಲರಿ ಅಂದಳು. ಸರಿಯೇ ಅನ್ನಿಸಿತು. ಮುಂದಿನ ಸೋಮವಾರ, ಗುರುವಾರ ಸಾರು ಬಂತು. ಎಂಥ ಸಾರು ಅಂತೀರಿ! ಕಾಳುಮೆಣಸು, ಜೀರಿಗೆ, ಇಂಗು. ದಿನವಿಡೀ ಒಣಗಿದ ನಾಲಿಗೆಗೆ ಅಮೃತ. ಡಬ್ಬಿ ಎತ್ತಿ ಕೊನೆಯ ಹನಿಯವರೆಗೂ ಕುಡಿಯುತ್ತಿದ್ದೆ.

ಹೋದ ಗುರುವಾರ ಸಂಜೆ ಜೋರು ಮಳೆ. ಮಳೆ ಅಂದರೆ ನಮ್ಮ ವೇಲಚೇರಿ ನಿಮಗೆ ಗೊತ್ತೇ ಇದೆ, ಕಾರು ಇರುವವರೆಲ್ಲ ಅದು ಮುಳುಗದಿರಲಿ ಅಂತ ಫ್ಲೈಓವರ್ ಮೇಲೆ ನಿಲ್ಲಿಸಲು ಜಾಗ ಹುಡುಕಿ ಓಡುತ್ತಾರೆ. ಕಾರಿಲ್ಲದ ನಾನು ಪ್ಯಾಂಟು ಮಡಚಿ ನೀರಲ್ಲಿ ನಡೆದು ಮನೆ ಸೇರಿದೆ. ತಲೆ ಸಿಡಿಯುತ್ತಿತ್ತು. ಮನೆಯಲ್ಲಿದ್ದ ಬೇಯಿಸಿದ ತರಕಾರಿ ತಿಂದು, ಡಬ್ಬಿಯನ್ನು ಫ್ರಿಜ್ಜಿಗೆ ತಳ್ಳಿ ಮಲಗಿಬಿಟ್ಟೆ.

ಬೆಳಿಗ್ಗೆ ತೆಗೆದರೆ ಸಾರೇ ಕಾಣಿಸಲಿಲ್ಲ. ಮೇಲೆ ಹಳದಿ ತುಪ್ಪ ಹೆಪ್ಪುಗಟ್ಟಿ ಕೂತಿತ್ತು, ಅಂಚಿನಿಂದ ಅಂಚಿಗೆ. ಚಮಚದಲ್ಲಿ ಕುಟ್ಟಿದೆ. ಟಕ್ ಅಂದಿತು.

ಬಿಸಿಯಿದ್ದಾಗ ತೇಲುತ್ತಿದ್ದ ತುಪ್ಪ ನನಗೆ ಕಾಣಿಸಲಿಲ್ಲವೇ? ಕಂಡಿರಬೇಕು. ಹಸಿದವನ ಕಣ್ಣು ಅದನ್ನೆಲ್ಲ ನೋಡುವುದಿಲ್ಲ. ಘಮಘಮ ಅಂತ ಕುಡಿದಿದ್ದೆ.

ಹೋಟೆಲಿನ ಅಡುಗೆಯವರ ಕೈವಾಡ ಅಂದುಕೊಂಡು ಭಾವನಿಗೆ ಫೋನ್ ಮಾಡಿದೆ. ಗಲ್ಲಾದಲ್ಲಿ ಕೂತಿದ್ದ ಭಾವ ದನಿ ತಗ್ಗಿಸಿದರು. ಆ ಸಾರು ಕೆಳಗಿನ ಅಡುಗೆಮನೆಯದ್ದಲ್ಲವಂತೆ. ಸೋಮವಾರ, ಗುರುವಾರ ಮಾತ್ರ ಅಕ್ಕ ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ತಾನೇ ಮಾಡುತ್ತಾಳಂತೆ. ಉಳಿದ ದಿನ ಹಾಸಿಗೆಯಿಂದ ಏಳಲೂ ಕಷ್ಟ, ಆದರೆ ಆ ಎರಡು ದಿನ ಸೌಟು ಮುಟ್ಟಲು ಯಾರಿಗೂ ಬಿಡುವುದಿಲ್ಲವಂತೆ.

ಫೋನ್ ಇಟ್ಟೆ. ಅವಳು ಮಾಡುತ್ತಿದ್ದುದು ಏನು ಅಂತ ಅಷ್ಟು ಹೊತ್ತಿಗೆ ಅರ್ಧ ಅರ್ಥವಾಗಿತ್ತು. ಉಳಿದರ್ಧ ಅರ್ಥವಾಗುವುದು ಬೇಡ ಅಂತ ಮನಸ್ಸು ಹೇಳುತ್ತಿತ್ತು. ಆಫೀಸಿಗೆ ರಜೆ ಹೇಳಿ, ಡಬ್ಬಿಯನ್ನು ಚೀಲದಲ್ಲಿಟ್ಟು ಬಸ್ ಹತ್ತಿದೆ.

ಅಕ್ಕ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ನಾನು ಡಬ್ಬಿ ತೆರೆದು ಮುಂದಿಟ್ಟೆ. ಅವಳು ನೋಡಿದಳು. ಆಶ್ಚರ್ಯಪಡಲಿಲ್ಲ.

“ಫ್ರಿಜ್ಜಿನಲ್ಲಿ ಇಟ್ಟಿಯಾ?” ಅಂದಳು. “ಬಿಸಿ ಇದ್ದಾಗಲೇ ಕುಡಿ ಅಂತ ಹೇಳಿದ್ದೆ ಅಲ್ವಾ.”

“ಅಕ್ಕ, ಗೊತ್ತಿದ್ದೇ ಹಾಕಿದ್ದಾ? ಅವಲಕ್ಕಿ, ರಸಾಯನ, ಅದೂ?”

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಹಳದಿಗಟ್ಟಿದ ಆ ಕಣ್ಣುಗಳನ್ನು ಎತ್ತಿ ನೇರವಾಗಿ ನನ್ನನ್ನೇ ನೋಡಿದಳು.

“ಕೊಬ್ಬು ಇಳಿಯದಿದ್ರೆ ನಿನ್ನನ್ನು ಬೇಡ ಅಂತಾರೆ ಅಂತ ಡಾಕ್ಟ್ರೇ ಹೇಳಿದ್ದಲ್ಲ? ಮತ್ತೆ ನಾನು ಎಂತ ಮಾಡ್ಬೇಕಿತ್ತು? ಬಾಯಲ್ಲಿ ಬೇಡ ಅಂದ್ರೆ ನೀನು ಕೇಳ್ತಿದ್ಯಾ? ನಿನಗೊಬ್ಳು ಮಗಳಿದ್ದಾಳೆ ಮಾರಾಯ. ನಿನ್ನ ಹೊಟ್ಟೆ ಕೊಯ್ಸಿ, ನಿನಗೇನಾದ್ರೂ ಆಗಿ, ನಾನು ಉಳಿದು ಎಂತ ಮಾಡ್ಲಿಕ್ಕುಂಟು?”

ನನಗೆ ಸಿಟ್ಟು ಬಂತು. ಅಳು ಬಂತು. ಕೆಳಗಿನಿಂದ ಹುರಿದ ಸಾಂಬಾರುಪುಡಿಯ ವಾಸನೆ, ತಟ್ಟೆ ಲೋಟಗಳ ಸದ್ದು. ಅಷ್ಟೊಂದು ಜನ ಅಲ್ಲಿ ನೆಮ್ಮದಿಯಾಗಿ ಉಣ್ಣುತ್ತಿದ್ದರು.

ಈ ಹೆಂಗಸು ನನಗಾಗಿ ಎಷ್ಟು ಉಪವಾಸ ಮಾಡಿದ್ದಾಳೆ ಗೊತ್ತೇ? ನನ್ನ ಡಿಗ್ರಿ ಮುಗಿಯಲಿ ಅಂತ ಶನಿವಾರ ಒಪ್ಪೊತ್ತು. ಕೆಲಸ ಸಿಗಲಿ ಅಂತ ಗುರುವಾರ. ಮಗಳು ಹುಟ್ಟುವಾಗ ಹೆಂಡತಿಗೆ ಕಷ್ಟವಾಗಿದ್ದಾಗ, ಕೆಳಗೆ ಊಟದ ಹೊತ್ತಿನ ಗದ್ದಲದ ನಡುವೆ, ನೀರೂ ಮುಟ್ಟದೆ ಕೂತಿದ್ದಳು. ನಮ್ಮ ಮನೆಗಳಲ್ಲಿ ಹೆಂಗಸರು ಗಂಡನಿಗೆ, ಮಗನಿಗೆ, ತಮ್ಮನಿಗೆ ಅಂತ ಹೊಟ್ಟೆ ಕಟ್ಟುತ್ತಲೇ ಬಂದಿದ್ದಾರೆ. ನಾವು ಅದನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಸ್ವೀಕರಿಸುತ್ತೇವೆ. ಅವರ ಹೆಸರಲ್ಲಿ ನಾವು ಒಂದು ಹೊತ್ತು ಊಟ ಬಿಟ್ಟದ್ದಿದೆಯೇ? ನಾನು ಬಿಟ್ಟಿರಲಿಲ್ಲ. ಈಗ ಬಿಟ್ಟರೆ ಅವಳಿಗೆ ತಡೆದುಕೊಳ್ಳಲಾಗುತ್ತಿಲ್ಲ. ಬೇಡ ಅನ್ನುವುದಕ್ಕೆ ಹೋಟೆಲಿನ ಮನೆಯವಳಿಗೆ ಗೊತ್ತಿರುವ ದಾರಿ ಒಂದೇ, ಬಡಿಸುವುದು.

ವೈದ್ಯಶಾಸ್ತ್ರ ಹೇಳಿ ಅವಳನ್ನು ಗೆಲ್ಲಲಾಗುವುದಿಲ್ಲ ಅಂತ ಗೊತ್ತಾಯಿತು. ನನ್ನ ಲಿವರ್ ಮತ್ತೆ ಬೆಳೆಯುತ್ತದೆ ಅಂತ ಡಾಕ್ಟರು ಅವಳಿಗೆ ಎಷ್ಟೋ ಸಲ ಹೇಳಿದ್ದರು. ಅಪಾಯವೇ ಇಲ್ಲ ಅಂತ ಅವರೂ ಹೇಳಿರಲಿಲ್ಲ, ಅವಳು ಹಿಡಿದುಕೊಂಡದ್ದು ಅದನ್ನೇ. ನಾನು ಅವಳ ದಾರಿಯಲ್ಲೇ ಹೋದೆ.

“ಅಕ್ಕ, ಇನ್ನೊಬ್ಬರ ವ್ರತ ಮುರಿಸುವುದು ಪಾಪ ಅಂತ ನನಗೆ ಹೇಳಿಕೊಟ್ಟವಳು ನೀನೇ. ನೀನು ಇದನ್ನು ಡಯೆಟ್ ಅಂದ್ಕೊಂಡಿದ್ದಿ. ಇದು ನಿನ್ನ ಹೆಸರಲ್ಲಿ ನಾನು ಹಿಡಿದ ವ್ರತ. ನಿನ್ನದು ಒಂದನ್ನಾದ್ರೂ ನಾನು ಮುರಿದಿದ್ದೇನಾ?”

ಅವಳು ಡಬ್ಬಿ ಕೈಗೆತ್ತಿಕೊಂಡಳು. ನಿಧಾನವಾಗಿ ಎದ್ದಳು. ಹಿಡಿಯಲು ಹೋದ ನನ್ನ ಕೈ ಸರಿಸಿ, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಸಾರು ಚೆಲ್ಲಿದ ಸದ್ದು, ನಲ್ಲಿಯ ಸದ್ದು. ಡಬ್ಬಿ ತೊಳೆದು, ಒರೆಸಿ ತಂದು ನನ್ನ ಕೈಗಿಟ್ಟಳು. ಖಾಲಿ ಡಬ್ಬಿ. ಆ ಮನೆಯಿಂದ ನಾನು ಖಾಲಿ ಡಬ್ಬಿ ಹಿಡಿದು ಇಳಿದದ್ದು ಅದೇ ಮೊದಲು. ಒಪ್ಪಿದಳೋ, ಮುನಿಸಿಕೊಂಡಳೋ? ಕೇಳುವ ಧೈರ್ಯವಾಗಲಿಲ್ಲ. ಶನಿವಾರ, ಭಾನುವಾರ ಎರಡೂ ದಿನ ಅವಳು ಫೋನ್ ಎತ್ತಲಿಲ್ಲ. ಮಲಗಿದ್ದಾಳೆ ಅಂತ ಭಾವ ಹೇಳುತ್ತಿದ್ದರು. ಕಾಯಿಲೆ ಹೆಚ್ಚಾಯಿತೋ, ನನ್ನ ಮಾತು ಹೆಚ್ಚಾಯಿತೋ ಅಂತ ಆ ಎರಡು ದಿನ ನಾನು ತಿಂದದ್ದೂ ಅಷ್ಟಕ್ಕಷ್ಟೇ.

ಸೋಮವಾರ ಸಂಜೆ ಹೋದಾಗ ಅವಳಿಗೆ ನಿದ್ದೆ ಹತ್ತಿತ್ತು. ಭಾವ ಡಬ್ಬಿ ಕೊಟ್ಟರು. ಅವಳೇ ಮಾಡಿದ್ದು ಅಂದರು. ಬಿಸಿಯಿತ್ತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಹಸಿವು ಜೀವ ಹಿಂಡುತ್ತಿತ್ತು. ಮುಚ್ಚಳ ಮುಟ್ಟಲಿಲ್ಲ. ಮನೆಗೆ ಹೋದವನೇ ತೆರೆಯದೆ ಫ್ರಿಜ್ಜಿನಲ್ಲಿಟ್ಟೆ. ಮಗಳು ಏನಾಯಿತು ಅಂತ ಕೇಳಿದಳು. ನಾಳೆ ಹೇಳುತ್ತೇನೆ ಅಂದೆ.

ಮಂಗಳವಾರ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಡಬ್ಬಿ ತೆರೆದೆ. ಪಕ್ಕದಲ್ಲಿ ಮಗಳೂ ನಿಂತಿದ್ದಳು.

ತಿಳಿಯಾದ ಸಾರು. ತಳದಲ್ಲಿ ಕಾಳುಮೆಣಸಿನ ಪುಡಿ, ಮೇಲೆ ಎರಡು ಕೊತ್ತಂಬರಿ ಎಲೆ. ತುಪ್ಪದ ಒಂದು ಚುಕ್ಕೆಯೂ ಇರಲಿಲ್ಲ.

ಸ್ಕ್ಯಾನ್ ಮುಂದಿನ ತಿಂಗಳು. ಅಕ್ಕನಂತೂ ಒಪ್ಪಿದಳು, ಇನ್ನು ನನ್ನ ಲಿವರ್ ಒಪ್ಪಬೇಕು.