ಗಿರಿಜೆಗೆ ಬೇಕಾದ ಸಾಕ್ಷಿ

ಮೊಮ್ಮಕ್ಕಳೇ, ನಿಮ್ಮಲ್ಲಿ ಯಾರೋ ಶಿರಸಿ ಪೇಟೆಯಿಂದ ಗಾಜಿನ ಬಳೆ ತಂದಿದ್ದೀರಿ. ಬೆಳಿಗ್ಗೆ ಅದು ಕಿಣಿ ಎಂದಾಗ ನನ್ನ ಕೈಯ ಚಾ ತುಳುಕಿತು. ಅಜ್ಜಿಗೆ ವಯಸ್ಸಾಯಿತು ಎಂದು ನಕ್ಕಿರಿ. ಆಗಿದೆ, ನಿಜ. ಚಾ ಯಾಕೆ ತುಳುಕಿತೆಂದು ಎದುರು ನಿಂತು ಹೇಳಲು ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯ ಅಕ್ಷರ, ಸಾವಕಾಶ ಓದಿ.

ಗಿರಿಜಜ್ಜಿ "ಆನು ಉಂಡಿದ್ದು ನೋಡಿದ್ಯಾ?" ಎಂದು ತಾನು ಉಂಡದ್ದಕ್ಕೂ ಸಾಕ್ಷಿ ಕೇಳಿದಾಗಲೂ ನೀವು ನಗುತ್ತೀರಿ. ಅವಳು ನಿಮ್ಮ ಅಜ್ಜನ ತಂಗಿ. ಮೊದಲು ಹಾಗಿರಲಿಲ್ಲ. ದೋಸೆ ಹೊಯ್ಯುತ್ತ ಊರವರ ನಡಿಗೆಯನ್ನೆಲ್ಲ ಅಣಕಿಸುತ್ತಿದ್ದಳು. ನನ್ನದನ್ನೂ ಬಿಟ್ಟವಳಲ್ಲ, ಬಾತುಕೋಳಿ ನಡಿಗೆಯಂತೆ.

ಯಲ್ಲಾಪುರದ ಕಡೆ ಮದುವೆಯಾಗಿದ್ದಳು. ಒಂದು ಮಧ್ಯಾಹ್ನ ಸಿದ್ದಾಪುರದ ಈ ಮನೆಗೆ ಒಬ್ಬಳೇ ಬಂದು ನಿಂತಳು. ಗಂಡ ಹೊಡೆದ ಪೆಟ್ಟಿಗೆ ಬಳೆಯೆಲ್ಲ ಒಡೆದು ಮಣಿಕಟ್ಟಿನ ತುಂಬ ಗೀರು. ನನ್ನ ಅತ್ತೆ ಅತ್ತರು. ಮುತ್ತೈದೆಯ ಕೈ ಬೋಳಾಗಿರಬಾರದೆಂದು, ಕಣ್ಣೊರೆಸಿಕೊಳ್ಳುವ ಮೊದಲೇ ಮಗಳಿಗೆ ತಮ್ಮ ಹೊಸ ಬಳೆ ತೊಡಿಸಿದರು. ಸೀರೆಗೆ ಸಿಕ್ಕಿದ್ದ ಚೂರುಗಳನ್ನು ಆರಿಸಿ ಮಣ್ಣಿನಲ್ಲಿ ಹುಗಿದರು. ಮರುದಿನ ಅವಳು ಪೊಲೀಸ್ ಠಾಣೆಗೆ ಹೋದದ್ದು ಗೀರೂ ಮುಚ್ಚಿಹೋದ ಆ ತುಂಬಿದ ಕೈಯಲ್ಲೇ.

ಕೋರ್ಟಿನಲ್ಲಿ ಗಂಡನ ಕಡೆಯ ವಕೀಲರು ಮೃದುವಾಗಿಯೇ ಕೇಳಿದರು. "ಬಳೆ ಪುಡಿಯಾಗೋ ಹಾಗೆ ಹೊಡೆದ್ರು ಅಂತೀರಿ. ಮರುದಿನ ಕೈತುಂಬ ಬಳೆ ಇತ್ತಲ್ಲ, ಅಮ್ಮಾ. ಹೊಡೆದದ್ದನ್ನ ಯಾರು ನೋಡಿದ್ರು?"

ಹಿಂದೆ ಯಾರೋ ಕಿಸಕ್ಕೆಂದರು. ನೋಡಿದ್ದವರು ಗಂಡನ ಮನೆಯವರು. ಅವರು ಬಾಯಿ ಬಿಡಲಿಲ್ಲ. ಸಾಕ್ಷಿ ಸಾಲದೆಂದು ಅವನನ್ನು ಬಿಟ್ಟರು.

ಬಸ್ಸಿಳಿದು ಅವಳು ಮನೆಗೆ ಬಂದು ಕಾಲು ತೊಳೆದಳು. ಒದ್ದೆ ಕಾಲನ್ನೇ ನೋಡುತ್ತ, "ಅತ್ತಿಗೆ, ಆನು ಕಾಲು ತೊಳೆದಿದ್ದು ನೋಡಿದ್ಯಾ?" ಎಂದಳು. ಅಂದು ಶುರುವಾದದ್ದು. ಯಾರೂ ಇಲ್ಲದಾಗ ಕನ್ನಡಿಯನ್ನು ಎದುರಿಗಿಟ್ಟುಕೊಂಡು ಉಣ್ಣುತ್ತಾಳೆ. ಕನ್ನಡಿಯನ್ನೂ ಹಾಗೇ ಕೇಳುತ್ತಾಳೆ. ಆಮೇಲೆ, ಉತ್ತರ ಬಂದಂತೆ, ತಲೆಯಾಡಿಸುತ್ತಾಳೆ.

ಇವತ್ತು ಮಧ್ಯಾಹ್ನ ನನ್ನ ಹತ್ತಿರ ಬಂದು ಕುಳಿತಳು.

"ಅತ್ತಿಗೆ, ಅಂವ ನಂಗೆ ಹೊಡ್ದಿದ್ದು ಹೌದಾ?"

ಇಷ್ಟು ವರ್ಷಗಳಲ್ಲಿ ಇದೊಂದನ್ನು ಕೇಳಿರಲಿಲ್ಲ. ನಾನು ಕಂಡದ್ದು ಅವಳ ಮಣಿಕಟ್ಟನ್ನು ಮಾತ್ರ. ಪೆಟ್ಟು ಬಿದ್ದ ದಿನ ನಾನು ಆ ಊರಿನಲ್ಲೇ ಇರಲಿಲ್ಲ.

"ಹೌದು ಕೂಸೆ. ಆನು ನೋಡಿದ್ದೆ."

"ಎಲ್ಲಿ ನಿಂತಿದ್ದೆ ನೀನು?"

"ಬಾಗಿಲ ಹತ್ರ."

"ಹಂಗಾರೆ ಸರಿ," ಎಂದು ಅಲ್ಲೇ ಗೋಡೆಗೊರಗಿ, ಮಗುವಿನಂತೆ ನಿದ್ದೆ ಹೋದಳು.

ಅವಳಿನ್ನೂ ಎದ್ದಿಲ್ಲ. ನನಗೆ ಮಾತ್ರ ಆ ಬಾಗಿಲು ಕಾಣತೊಡಗಿದೆ. ಒಳಗೆ ಅವನು ಕೈ ಎತ್ತಿದ್ದಾನೆ. ಬರೆಯುವುದನ್ನು ಬಿಟ್ಟು ಏಳೋಣವೆಂದರೆ, ನನ್ನ ಕಾಲು ಆ ಹೊಸ್ತಿಲ ಮೇಲೆಯೇ ಇದೆ.