ಬೀಜಕ್ಕೆ ಬಿಟ್ಟ ವಯೋಲಾ ಗಿಡ

ಹೂವಿನ ಸಲುವಾಗಿ ಮಹಾನಂದಾ ಕಾಕು ಮನೆ ಒಡೆದಳು ಎಂದು ಸಂಶಿಯ ನಮ್ಮ ಬಳಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮನೆ ಒಡೆದದ್ದು ಹೊಲದ ವಾಟ್ನಿಗೆ, ಅಂದರೆ ಪಾಲಿಗೆ, ಅದೂ ಮೂರು ವರ್ಷ ತಡವಾಗಿ. ಹೂವಿನ ಜಗಳವನ್ನು ಕಣ್ಣಾರೆ ಕಂಡವರನ್ನು ಕರೆತನ್ನಿ ಎಂದರೆ ಒಬ್ಬರೂ ಎದ್ದು ನಿಲ್ಲುವುದಿಲ್ಲ. ಅಲ್ಲಿದ್ದವಳು ನಾನು, ಮತ್ತು ಅಲ್ಲಿ ಜಗಳವೇ ಆಗಲಿಲ್ಲ. ಇಷ್ಟು ದಿನ ಇದನ್ನು ನನ್ನೊಳಗೇ ವಾದಿಸಿಕೊಂಡು ಸುಮ್ಮನಿದ್ದೆ. ಆದರೆ ಹೋದ ವಾರ ಧಾರವಾಡದ ನರ್ಸರಿಯೊಂದರಲ್ಲಿ ವಯೋಲಾ ಎಂಬ ಚಳಿಗಾಲದ ಪುಟ್ಟ ಹೂವಿನ ಸಸಿಗಳ ಮೇಲೆ ಬಗ್ಗಿದಾಗ ಆ ತೆಳುವಾದ ಸಿಹಿವಾಸನೆ ಮೂಗಿಗೆ ಬಡಿಯಿತು. ಬೆಳಗಿನ ತಂಪಿನಲ್ಲಷ್ಟೇ ಇರುವ, ಬಿಸಿಲೇರಿದರೆ ಕಳೆದುಹೋಗುವ ವಾಸನೆ ಅದು. ಅಂದಿನಿಂದ ಕೂತಲ್ಲಿ ಕೂಡಲು ಆಗುತ್ತಿಲ್ಲ.

ಕಾಕು ನನ್ನ ಕಾಕಾನ ಹೆಂಡತಿ. ಅವಳ ಅಪ್ಪ ಧಾರವಾಡದ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದವರು. ವರ್ಷ ವರ್ಷವೂ ಎಲ್ಲಕ್ಕಿಂತ ಕಪ್ಪಾಗಿ ಅರಳಿದ ಗಿಡವನ್ನಷ್ಟೇ ಬೀಜಕ್ಕೆ ಬಿಟ್ಟು, ಉಳಿದವನ್ನು ಕಿತ್ತು, ಕೊನೆಗೆ ಬದನೆಕಾಯಿಯ ಬಣ್ಣಕ್ಕೆ ಬಂದ ಒಂದು ವಯೋಲಾ ಅವರದಾಗಿತ್ತು. ಅವರು ತೀರಿಕೊಂಡಾಗ ಕಾಕುವಿನ ಪಾಲಿಗೆ ಬಂದದ್ದು ಕಾಗದದ ಪೊಟ್ಟಣದಲ್ಲಿ ಒಂದು ಚಿಟಿಕೆ ಬೀಜ. ನಮ್ಮ ಕಪ್ಪು ಎರಿ ಮಣ್ಣಿನಲ್ಲಿ ಅದು ಬದುಕುವುದಿಲ್ಲ, ನೀರು ನಿಂತು ಬೇರು ಕೊಳೆಯುತ್ತದೆ. ಕಾಕು ಕಲಘಟಗಿಯ ಕಡೆಯಿಂದ ಚೀಲದಲ್ಲಿ ಕೆಂಪು ಮಣ್ಣು ತರಿಸಿ, ಉಸುಕು, ಹಳೆಯ ಗೊಬ್ಬರ ಬೆರೆಸಿ, ಮುಂಜಾನೆಯ ಬಿಸಿಲಷ್ಟೇ ಬೀಳುವ ಗೋಡೆಯ ಬದಿಗೆ ಮಡಿ ಮಾಡಿದಳು. ದಸರೆ ಕಳೆದ ಮೇಲೆ ಬಿತ್ತಿದಳು. ಸಸಿ ಎದ್ದಾಗ ನನ್ನನ್ನು ಬಾಜುವಿಗೆ ಕೂರಿಸಿಕೊಂಡು ಆರಿಸುತ್ತಿದ್ದಳು. "ಉದ್ದಂದು ಚಂದ ಕಾಣ್ತದ, ಅದರ ಮಾತು ಕೇಳಬ್ಯಾಡ. ಕುಳ್ಳಂದು ನೋಡು, ನಿನ್ನಂಗ, ಗಟ್ಟಿ ಇರ್ತದ." ಸಂಕ್ರಾಂತಿಯ ಹೊತ್ತಿಗೆ ಗೋಡೆಯ ಬುಡದಲ್ಲಿ ಸಣ್ಣ ಸಣ್ಣ ಮುಖಗಳು ಸಾಲಾಗಿ ನಮ್ಮನ್ನೇ ದಿಟ್ಟಿಸುತ್ತಿದ್ದವು.

ಆದರೆ ನಮ್ಮ ಹಿತ್ತಲಿನಲ್ಲಿ ಆಯಿಯ, ಅಂದರೆ ನನ್ನ ಅಪ್ಪನ ತಾಯಿಯ, ಒಂದು ಕಟ್ಟಳೆಯಿತ್ತು. ಅರಳಿದ್ದೆಲ್ಲ ಲಿಂಗಪೂಜೆಗೆ ಹೋಗಬೇಕು, ಗಿಡದಲ್ಲೇ ಹೂವು ಒಣಗಿದರೆ ಪಾಪ. "ಈ ಬೆಕ್ಕಿನ ಮಾರಿ ಹೂವಿಗೆ ಮಾಲಿ ಕಟ್ಟಾಕೂ ಬರಂಗಿಲ್ಲ, ದಂಟಽ ಇಲ್ಲ" ಎಂದು ಬೈಯುತ್ತಲೇ ದಿನವೂ ಬುಟ್ಟಿ ತುಂಬಿಸುತ್ತಿದ್ದಳು. ಕಿತ್ತಷ್ಟೂ ಅದು ಅರಳುತ್ತಿತ್ತು. ಕಾಕುವಿನ ಕೈಗುಣ ಎಂದರು ಓಣಿಯವರು. ಕೈಗುಣವೂ ಇಲ್ಲ, ಏನೂ ಇಲ್ಲ. ಬೀಜ ಕಟ್ಟಲು ಬಿಡದ ಗಿಡ ಹಟ ಹಿಡಿದು ಹೂವು ಬಿಡುತ್ತದೆ, ಅಷ್ಟೇ. ಕಾಕುವಿಗೆ ಬೇಕಾಗಿದ್ದದ್ದು ಬೀಜ. ಪೊಟ್ಟಣ ಬರಿದಾಗಿತ್ತು. ಬಿಸಿಲು ಬಲಿತರೆ ಗಿಡಗಳೆಲ್ಲ ಸಾಯುತ್ತವೆ. ಅದಕ್ಕೇ ಮೂಲೆಯ ಕಪ್ಪನೆಯ ಗಿಡವೊಂದಕ್ಕೆ ಗುರುತಿಗೆಂದು ಕೆಂಪು ದಾರ ಕಟ್ಟಿ, ಆಯಿಯ ಕಣ್ಣಿಗೆ ಬೀಳದಂತೆ ಮುಂದೆ ಡಬ್ಬಿಯೊಂದನ್ನು ಇಟ್ಟು, ನನಗೊಬ್ಬಳಿಗೇ ಹೇಳಿದಳು: "ಕಾಯಿ ತಲಿ ಎತ್ತಿ ನಿಂತ ದಿನ ಬೀಜ ಸಿಡಿತಾವ. ಅಲ್ಲೀತನಾ ಕಾಯಬೇಕು."

ಶಿವರಾತ್ರಿಯ ಹಿಂದಿನ ಸೋಮವಾರ ಆಯಿ ಡಬ್ಬಿ ಸರಿಸಿಬಿಟ್ಟಳು. "ಇದ್ಯಾರ ದಾರಲೇ? ಹರಕಿದೇನು?" ನಾನು ಒಂಬತ್ತು ವರ್ಷದ ಜಾಣೆ. ಬೀಜಕ್ಕೆ ಎಂದರೆ ಪಾಪ ಎಂದು ಕಿತ್ತೇಬಿಡುತ್ತಾಳೆ. ಹರಕೆ ಎಂದರೆ ಯಾರೂ ಮುಟ್ಟುವುದಿಲ್ಲ. ತರ್ಕ ಗಟ್ಟಿಯಾಗಿಯೇ ಇತ್ತು. "ಹೌದ ಆಯಿ, ಕಾಕೂನ ಹರಕಿ" ಎಂದೆ. ಆಯಿಯ ಮುಖ ಅರಳಿತು. ಬುಟ್ಟಿ ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು, ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು.

ಅಷ್ಟರಲ್ಲಿ ಕಾಕು ಕೊಡ ಹೊತ್ತು ಬಂದಳು.

"ಏನವಾ ಮಹಾನಂದಾ, ಲಿಂಗಕ್ಕ ಹರಕಿ ಹೊತ್ತೀ, ಮನಿ ಹಿರ್‍ಯಾಕಿಗೆ ಒಂದು ಮಾತು ಹೇಳಬಾರದೇನು? ಹರಕಿ ಗಿಡದಾಗ ಒಂದೂ ಬಿಡಬಾರದವಾ, ಹೂವು ಕಾಯಿ ಎಲ್ಲಾ ಏರಸಬೇಕು. ಈ ಹುಡುಗಿ ಹೇಳಿದ್ದಕ್ಕ ಗೊತ್ತಾತು. ಖರೇನ ಹೌದಲ್ಲೊ? ಸುಳ್ಳಾದ್ರ ಈಕಿ ನಾಲಗೀಗೆ ಬರಿ ಎಳೀತೀನಿ."

ಕಾಕು ಗಿಡ ನೋಡಿದಳು. ಐದಾರು ಹಸಿರು ಕಾಯಿ ಇನ್ನೂ ತಲೆ ಬಗ್ಗಿಸಿಕೊಂಡೇ ಇದ್ದವು. ಆಮೇಲೆ ನನ್ನನ್ನು ನೋಡಿದಳು. ಸೊಂಟದ ಕೊಡದಿಂದ ನೀರು ತುಳುಕಿ ಸೀರೆ ತೊಯ್ಯುತ್ತಿತ್ತು.

"ಹೌದ್ರೀ ಅತ್ತಿ" ಎಂದಳು. "ಹರಕೀದಽ."

ಆಯಿ ಹೂವು, ಕಾಯಿ ಒಂದೂ ಬಿಡದೆ ಕಿತ್ತು ಬುಟ್ಟಿಗೆ ಹಾಕಿಕೊಂಡಳು. ಮರುವರ್ಷ ಕಾಕು ಏನನ್ನೂ ಬಿತ್ತಲಿಲ್ಲ. ಹರಕೆ ತೀರಿದ ಮೇಲೆ ಹೂವೇ ಬೇಡವಾಯಿತು, ಸೊಕ್ಕು, ಎಂದಳು ಆಯಿ. ಬಳಗದ ಕಥೆ ಹುಟ್ಟಿದ್ದು ಅಲ್ಲಿ. ಈಗ ಆಯಿ ಇಲ್ಲ, ಹಿತ್ತಲಿನ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲುತ್ತದೆ, ಎಣ್ಣೆ ಸೋರಿ ನೆಲ ಗಟ್ಟಿಯಾಗಿದೆ. ನರ್ಸರಿಗಳಲ್ಲಿ ಹಳದಿ, ಬಿಳಿ, ನೀಲಿ ಎಲ್ಲ ಸಿಗುತ್ತವೆ. ಆ ಬಣ್ಣ ಎಲ್ಲಿಯೂ ಸಿಗಲಿಲ್ಲ. ಅಣ್ಣಿಗೇರಿಯಲ್ಲಿರುವ ಕಾಕುವಿಗೆ ಫೋನು ಮಾಡಿದಾಗಲೆಲ್ಲ ಊಟ, ಮಳೆ, ಮಕ್ಕಳ ಮಾತು ಆಡಿ ಇಡುತ್ತೇನೆ.

ಕಾಕು, ನಾಲಗೆಗೆ ಬರೆ ಬಿದ್ದಿದ್ದರೆ ನಾಲ್ಕು ದಿನ ಉರಿದು ಮಾಯುತ್ತಿತ್ತು. ನಿನ್ನಪ್ಪನ ಬೀಜ ಇನ್ನೆಲ್ಲಿಂದ ಬರಬೇಕಾಗಿತ್ತು? ನೀನ್ಯಾಕ 'ಹೌದ್ರೀ' ಅಂದಿ?