ರೇಡಿಯೋ ರಾಮಪ್ಪನ ಕಲಿಯುವ ಪೆಟ್ಟಿಗೆ

ಶ್ರೀನಿವಾಸಪುರದಲ್ಲಿ ಕೋದಂಡರಾಮಪ್ಪ ಅಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ; ರೇಡಿಯೋ ರಾಮಪ್ಪ ಅಂದರೆ ಮಾವಿನ ಮಂಡಿಯ ಹಮಾಲಿಗೂ ಗೊತ್ತು. ಹುಡುಗನಾಗಿದ್ದಾಗಲೇ ಅಪ್ಪನ ಮಾತು ಮೀರಿ ಬೆಂಗಳೂರಿಗೆ ಓಡಿಹೋಗಿ, ಯಾರದೋ ಅಂಗಡಿಯಲ್ಲಿ ಬೈಸಿಕೊಂಡು ರಿಪೇರಿ ಕಲಿತು, ಊರಿಗೆ ಬಂದು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅಂಗಡಿ ಇಟ್ಟವನು. ಓದಿದ್ದು ಎಂಟನೇ ಕ್ಲಾಸು, ಜಂಬ ಮಾತ್ರ ಎಂ.ಎ. ಪಾಸಾದವನಷ್ಟು. ‘ಈ ಕೈಯಲ್ಲಿ ರಿಪೇರಿ ಆಗದೇ ಇರೋದು ಯಾವ್ದಯ್ಯಾ ಇದೆ?’ ಅಂತ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುವನು. ಕೇಳಿಸಿಕೊಂಡ ದೇವರಿಗೆ ಹೊಟ್ಟೆಕಿಚ್ಚಾಯಿತೋ ಏನೋ!

ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದ ಒಬ್ಬಳೇ ಮಗಳು ನಾಗಮಣಿ. ಹುಡುಗಿಯ ಬಾಯಿಗೆ ಬೀಗವೇ ಇರಲಿಲ್ಲ. ಹೆಂಡತಿ ಅಕ್ಕಯಮ್ಮ ಮಧ್ಯಾಹ್ನ ಬುತ್ತಿ ತರುವಾಗ ಜೊತೆಗೆ ಬಂದು, ಗಲ್ಲಿಯ ತಿರುವಿನಿಂದಲೇ ‘ನಾಯ್ನಾ’ ಅಂತ ಕೂಗುವಳು. ಆ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಅಪ್ಪನನ್ನು ಕರೆಯುವುದೇ ಹಾಗೆ. ಕೈಯಲ್ಲಿ ಕಾದ ಸಾಲ್ಡರಿಂಗ್ ಕಡ್ಡಿ ಇದ್ದರೂ ರಾಮಪ್ಪ ಎದ್ದು ನಿಂತು ‘ಓ’ ಅನ್ನುವನು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಮಳೆಗಾಲದ ಕೊನೆಯಲ್ಲಿ ಮೆದುಳುಜ್ವರ ಬಂತು. ಮಣಿ ಶಾಲೆಗೆ ಸೇರಿದ ವರ್ಷ ಅದು. ಬೆಳಿಗ್ಗೆ ತಲೆನೋವು ಅಂದ ಮಗು ಸಂಜೆಗೆ ಕಣ್ಣು ಮೇಲೆ ಮಾಡಿತು. ಕೋಲಾರದ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚಗಳು ಖಾಲಿಯಾಗುತ್ತ ಹೋದವು, ಮಣಿ ಉಳಿದಳು. ಆದರೆ ಎದ್ದು ಕೂತವಳಿಗೆ ಲೋಟ ಯಾವುದು ಗೊತ್ತಿಲ್ಲ, ಬಾಚಣಿಗೆ ಯಾವುದು ಗೊತ್ತಿಲ್ಲ, ಹೆತ್ತ ತಾಯಿ ಯಾರೆಂದೂ ಗೊತ್ತಿಲ್ಲ. ಬಾಯಲ್ಲಿ ಬರೀ ಗೊಣಗು. ‘ನಾಲಿಗೆ ಚೆನ್ನಾಗೇ ಇದೆ. ಮೆದುಳಲ್ಲಿದ್ದ ಗುರುತುಗಳೇ ಅಳಿಸಿಹೋಗಿವೆ. ಜೀವ ಉಳೀತಲ್ಲ, ಅಷ್ಟಕ್ಕೆ ಸಂತೋಷ ಪಡಿ’ ಅಂದರು ಡಾಕ್ಟರು. ರಾಮಪ್ಪನಿಗೆ ಸಂತೋಷ ಪಡಲು ಆಗಲಿಲ್ಲ. ಮಗಳು ಮತ್ತೆ ಒಂದೇ ಒಂದು ಸಲ ತನ್ನನ್ನು ಗುರುತು ಹಿಡಿದು ಕರೆಯಬೇಕು. ಅದೊಂದು ಬಿಟ್ಟು ಬೇರೇನೂ ಅವನಿಗೆ ಬೇಡವಾಯಿತು. ಹರಕೆ, ತಾಯತ, ನಾಟಿ ಔಷಧಿ, ಎಲ್ಲವೂ ಆಗಿಹೋಯಿತು.

ಒಂದು ಭಾನುವಾರ ಅಕ್ಕಯಮ್ಮನ ತಮ್ಮ ಕದಿರೇಶ ಊಟಕ್ಕೆ ಬಂದಿದ್ದ. ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರು. ಏನಾದರೂ ಮಾತಾಡಬೇಕಲ್ಲ ಅಂತ ತಾನು ಓದಿದ್ದನ್ನು ಹೇಳಿದ.

“ಬಾವ, ಹೊರದೇಶದಲ್ಲಿ ಒಂದು ಮಿಷಿನ್ ಮಾಡಿದಾರಂತೆ. ನಮ್ ಮೆದುಳು ಹೆಂಗೆ ಕಲಿಯುತ್ತೋ ಹಂಗೇ ಕಲಿಯುತ್ತಂತೆ. ಪಾಠಗೀಠ ಏನೂ ಬೇಡ. ಅದು ತಪ್ಪು ಹೇಳ್ದಾಗ ತಪ್ಪು ಅಂದ್ರೆ ಸಾಕು. ಒಳಗಿನ ಎಳೆಗಳು ಒಂದಷ್ಟು ಬಿಗಿ ಆಗ್ತವೆ, ಒಂದಷ್ಟು ಸಡಿಲ ಆಗ್ತವೆ. ಹಂಗೇ ಕಲ್ತುಬಿಡುತ್ತೆ.”

ರಾಮಪ್ಪನ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು. “ಅಳಿಸಿಹೋಗಿದ್ದನ್ನೂ ಕಲಿಸಬಹುದೇನೋ?”

“ಮಿಷಿನ್ನಿಗೆ ಕಲಿಸಬಹುದು ಬಾವ.”

“ಮೆದುಳಿನ ಥರಾನೇ ಅಂದ್ಯಲ್ಲೋ?”

ಕದಿರೇಶ ಮೂಲೆಯಲ್ಲಿ ಕೂತಿದ್ದ ಮಣಿಯ ಕಡೆ ನೋಡಿದ. ಅಲ್ಲೇ ‘ಬೇಡ ಬಾವ, ಅದೇ ಬೇರೆ ಇದೇ ಬೇರೆ’ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಅಕ್ಕನ ಮನೆಯ ಆಸೆಯನ್ನು ಮುರಿಯಲು ಅವನಿಗೂ ಬಾಯಿ ಬರಲಿಲ್ಲ. ಅವತ್ತು ಸಂಜೆಯವರೆಗೂ ಕೂತು ಆ ಮಿಷಿನ್ನಿನ ಚಿತ್ರ ಬರೆದುಕೊಟ್ಟ.

ಅದು ಹೇಗೆ ಕಲಿಯುತ್ತದೋ ಮೊದಲು ಕಣ್ಣಾರೆ ನೋಡಬೇಕು ಅಂತ ರಾಮಪ್ಪ ಹಳೆಯ ರೇಡಿಯೋ ಪೆಟ್ಟಿಗೆಯೊಂದರ ಹೊಟ್ಟೆ ಬಗೆದು, ಮುಂದೆ ಮೂರು ಸಾಲು ಸ್ವಿಚ್ಚು ಕೂರಿಸಿದ. ಪ್ರತಿ ಸ್ವಿಚ್ಚಿಗೂ ಒಂದೊಂದು ವಾಲ್ಯೂಮ್ ತಿರುಪು. ಎಲ್ಲದರ ತಂತಿಯೂ ಒಂದೇ ಮೀಟರಿನ ಮುಳ್ಳಿಗೆ. ಸ್ವಿಚ್ಚುಗಳನ್ನು ಕೂಡುವ ಗುರುತಿನ ಆಕಾರದಲ್ಲಿ ಒತ್ತಿದರೆ ಮುಳ್ಳು ಬಲಕ್ಕೆ ವಾಲಬೇಕು, ಸೊನ್ನೆಯ ಆಕಾರದಲ್ಲಿ ಒತ್ತಿದರೆ ಎಡಕ್ಕೆ. ಮೊದಮೊದಲು ಮುಳ್ಳು ಕುಡಿದವನ ಹಾಗೆ ಎತ್ತೆತ್ತಲೋ ಹೋಯಿತು. ತಪ್ಪಾದಾಗಲೆಲ್ಲ ಒತ್ತಿದ್ದ ಸ್ವಿಚ್ಚುಗಳ ತಿರುಪನ್ನು, ಮುಳ್ಳು ಸರಿಯಾದ ಕಡೆ ವಾಲುವಂತೆ, ಒಂದು ಕೂದಲಷ್ಟು ತಿರುಗಿಸುವುದು; ಸರಿಯಾದರೆ ಕೈ ಹಚ್ಚುವಂತಿಲ್ಲ. ಅಂಗಡಿಯಲ್ಲಿ ಜನರ ರೇಡಿಯೋಗಳಿಗೆ ಧೂಳು ಹಿಡಿಯಿತು. ಬೈದು ಹೋದವರು ಬೈದು ಹೋದರು. ಕೊನೆಗೊಂದು ದಿನ ಪೆಟ್ಟಿಗೆ ತಪ್ಪುವುದನ್ನೇ ಬಿಟ್ಟಿತು. ಒಂದು ಸ್ವಿಚ್ಚು ಒತ್ತಲು ಮರೆತರೂ ಇದು ಸೊನ್ನೆ, ಇದು ಕೂಡುವ ಗುರುತು ಅಂತ ತೋರಿಸಿತು. ರಾಮಪ್ಪ ಅಂಗಡಿಯ ಬಾಗಿಲು ಎಳೆದುಕೊಂಡು ಗಳಗಳನೆ ಅತ್ತ.

ಆಮೇಲೆ ಯೋಚನೆ ಮಾಡಿದ, ಮಾಡಿದ್ದೇ ಅನಾಹುತವಾಯಿತು. ಸರಿ ಅಂದಾಗ ಈ ಪೆಟ್ಟಿಗೆ ಏನನ್ನೂ ಕಲಿಯಲಿಲ್ಲ. ಕಲಿತದ್ದೆಲ್ಲ ತಪ್ಪು ಅಂದಾಗಲೇ. ಮನೆಯಲ್ಲಿ ನಾವೇನು ಮಾಡುತ್ತಿದ್ದೇವೆ? ಮಗು ಏನು ಗೊಣಗಿದರೂ ‘ಹೂಂ ಕಣಮ್ಮ, ಹೌದು ಕಣಮ್ಮ’ ಅಂತ ತಲೆ ಸವರುತ್ತೇವೆ. ಇನ್ನು ಕಲಿಯುವುದೆಲ್ಲಿಂದ?

ಮಾರನೆಯ ದಿನದಿಂದಲೇ ಶುರುವಾಯಿತು. ಲೋಟ ಹಿಡಿದು “ಇದೇನು?” ಅನ್ನುವನು. ಮಣಿ ಏನೋ ಗೊಣಗುವಳು. “ತಪ್ಪು.” ಲೋಟ ಹಿಂದಕ್ಕೆ. ಬಾಚಣಿಗೆ. “ತಪ್ಪು.” ಕೊನೆಗೆ ತನ್ನ ಎದೆಗೆ ಬೆರಳಿಟ್ಟು, ಮುಖ ಹತ್ತಿರ ತಂದು, “ನಾನು ಯಾರು? ಯಾರಮ್ಮ ನಾನು?” ಅನ್ನುವನು. ಮಗು ಬಾಯಿ ತೆರೆದರೆ “ತಪ್ಪು”, ಮುಚ್ಚಿಕೊಂಡಿದ್ದರೂ “ತಪ್ಪು”. ಮುದ್ದು ಮಾಡುವುದನ್ನು ನಿಲ್ಲಿಸಿದ. ಮುದ್ದು ಮಾಡಿದರೆ ಸರಿ ಅಂದಹಾಗಾಗುತ್ತದೆ ಅಂತ ಅವನ ಲೆಕ್ಕ. ಬರಬರುತ್ತ ಅವನ ಚಪ್ಪಲಿ ಸದ್ದು ಕೇಳಿದರೆ ಮಣಿ ರಾಗಿ ಮೂಟೆಯ ಹಿಂದೆ ಹೋಗಿ ಕೂರತೊಡಗಿದಳು. ಅಲ್ಲಿಂದಲೂ ಎಳೆದು ತಂದ ಪುಣ್ಯಾತ್ಮ.

“ಏನ್ರೀ, ನಿಮಗೇನು ತಲೆ ಕೆಟ್ಟಿದ್ಯಾ?” ಅಕ್ಕಯಮ್ಮ ಒಂದು ದಿನ ಮಗುವನ್ನು ಕಿತ್ತುಕೊಂಡಳು. “ನಿಮ್ ಪೆಟ್ಟಿಗೆ ಬೈದ್ರೆ ಅಳುತ್ತಾ? ಇದು ಅಳುತ್ತೆ ನೋಡ್ರೀ! ನಾ ತಲ್ಲೀ, ನಾ ಬಂಗಾರು...” ಸಂಕಟ ಬಂದಾಗ ಅವಳಿಗೆ ತವರಿನ ತೆಲುಗೇ ಬರುತ್ತಿತ್ತು.

“ನಂಗೇನು ಆಸೆನೇನೇ ಬೈಯೋಕೆ?” ರಾಮಪ್ಪನ ದನಿ ಒಡೆಯಿತು. “ಇನ್ನೇನು ಮಾಡ್ಲಿ ಹೇಳೇ? ಇದನ್ನೂ ಬಿಟ್ರೆ ನಂಗಿನ್ನೇನು ಉಳಿದಿದ್ಯೇ?”

ಅಕ್ಕಯಮ್ಮ ಮಗುವಿನ ಕಣ್ಣೀರು ಒರೆಸಿ ಕೆಳಗಿಳಿಸಿದಳು. ಅವನು ಮತ್ತೆ ಲೋಟ ಹಿಡಿದ.

ಮಾವಿನ ಕಾಯಿ ಮಂಡಿಗೆ ಬರುವ ಹೊತ್ತಿಗೆ ಅವನಿಗೂ ಸಾಕಾಗಿತ್ತು. ಮುಳಬಾಗಿಲಿನಲ್ಲಿ ಯಾರದೋ ಮದುವೆಗೆ ಮೈಕ್‌ಸೆಟ್ಟು ರಿಪೇರಿ ಅಂತ ಹೋಗಿ, ಮನೆಗೆ ಬರುವ ಮನಸ್ಸಾಗದೆ ಅಲ್ಲೇ ಎರಡು ದಿನ ಉಳಿದ. ಯಾವುದಾದರೂ ಬಸ್ಸು ಹತ್ತಿ ಹೊರಟುಹೋಗೋಣ ಅಂತಲೂ ಅನ್ನಿಸಿತು. ಹತ್ತಿದ್ದು ಮಾತ್ರ ಶ್ರೀನಿವಾಸಪುರದ ಬಸ್ಸನ್ನೇ.

ಮಧ್ಯಾಹ್ನದ ಬಿಸಿಲು. ಮಣಿ ಹೊರಗೆ ಜಗುಲಿಯ ಮೇಲೆ ಕೂತಿದ್ದಳು. ರಾಮಪ್ಪ ಬೀದಿಯ ತಿರುವಿಗೆ ಬಂದದ್ದನ್ನು ನೋಡಿದಳು. ಎದ್ದು ನಿಂತಳು. ಒಳಗೆ ಓಡಿಹೋಗುತ್ತಾಳೆ ಅಂದುಕೊಂಡ; ಓಡಲಿಲ್ಲ. ಅವನ ಕಡೆ ಕೈ ಚಾಚಿ, ಸ್ಪಷ್ಟವಾಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು:

“ತಪ್ಪೂ!”

ರಾಮಪ್ಪ ಇದ್ದಲ್ಲೇ ನಿಂತ. ಅಕ್ಕಯಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮಗು ತಾಯಿಯ ಸೆರಗು ಜಗ್ಗಿ, ಅವನನ್ನೇ ತೋರಿಸಿ, “ತಪ್ಪು, ತಪ್ಪು” ಅಂತ ಹೇಳಿತು. ಬೈಗುಳವಲ್ಲ, ದೂರೂ ಅಲ್ಲ. ಅಷ್ಟು ತಿಂಗಳು ಈ ಮುಖದ ಜೊತೆ ಕೇಳಿದ ಮಾತು ಅದೊಂದೇ. ಆ ಮುಖದ ಹೆಸರೇ ಅದು ಅಂತ ಮಗು ಕಲಿತಿತ್ತು. ಜ್ವರ ಬಿಟ್ಟ ಮೇಲೆ ಅವಳು ಒಬ್ಬರನ್ನು ಗುರುತು ಹಿಡಿದು ಕರೆದದ್ದು ಅದೇ ಮೊದಲು.

‘ಅದಲ್ಲಮ್ಮ, ತಪ್ಪು, ನಾಯ್ನಾ ಅನ್ನು’ ಅನ್ನುವ ಮಾತು ರಾಮಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಹಾಗಂದ ಮೇಲೆ ಇದೂ ಅಳಿಸಿಹೋದರೆ?

“ಕರೀತಾವ್ಳೆ ಕಣ್ರೀ!” ಅಕ್ಕಯಮ್ಮ ಅಳುತ್ತ ಕೂಗಿದಳು. “ನಿಮ್ಮನ್ನೇ ಕಣ್ರೀ ಕರೀತಾ ಇರೋದು! ಹಂಗೇ ನಿಂತ್ಕೊಂಡ್ರಲ್ಲ, ಓ ಅನ್ರೀ! ಮಗು ಕಾಯ್ತಾ ಇದೆ, ಓ ಅನ್ರೀ!”

ಎದುರುಮನೆಯ ಬಾಗಿಲಲ್ಲಿ ಜನ ಇಣುಕುತ್ತಿದ್ದರು. ರಾಮಪ್ಪ ಜಗುಲಿಯ ಕಡೆ ಒಂದು ಹೆಜ್ಜೆ ಇಟ್ಟ. ಮಣಿ ಇನ್ನೊಂದು ಸಲ ಕರೆದಳು.

“ಓ,” ಅಂದ. “ಓ, ಬಂದೆ ಕಣಮ್ಮ.”